ಬಡಗಣ ಗೋಡೆಯ ಹೊಟ್ಟೆ

ಮೇ 2, ಶುಕ್ರವಾರ

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ತಮಿಳುನಾಡಿನ ಗಡಿ ದಾಟಿ, ಮಧ್ಯಾಹ್ನದ ಹೊತ್ತಿಗೆ ದೊಡ್ಡಗಾಜನೂರಿನ ಅಕ್ಕನ ಮನೆ ಸೇರಿದೆ. ಅಕ್ಕ ನಡುಮನೆಯ ಮಂಚದ ಮೇಲೆ, ಬಲಗಾಲನ್ನು ದಿಂಬಿನ ಮೇಲಿಟ್ಟುಕೊಂಡು, ಬೀದಿಯ ಅರ್ಧ ಹೆಂಗಸರನ್ನು ಸುತ್ತ ಕೂರಿಸಿಕೊಂಡಿದ್ದಳು. ಕೊಟ್ಟಿಗೆಯಲ್ಲಿ ಜಾರಿ ಬಿದ್ದ ಕಥೆ ಮುಗಿಯುತ್ತ ಬಂದಿತ್ತು. ನನ್ನನ್ನು ಕಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮೂಳೆಗೆ ಪ್ಲೇಟು ಕೂರಿಸಿದ್ದಾರೆ. ಜೂನ್ ನಡುವಿನವರೆಗೆ ಕಾಲೂರುವಂತಿಲ್ಲ. ಭಾವ ರುದ್ರಸ್ವಾಮಿ ಬೆಳಗಾದರೆ ಅರಿಸಿನದ ಹೊಲಕ್ಕೆ ಹೋಗುತ್ತಾರೆ. ಸ್ನಾನಕ್ಕೆ, ಅಡುಗೆಗೆ ಒಬ್ಬರು ಬೇಕು. ನಾನು ನಿವೃತ್ತಳು, ಒಬ್ಬಳೇ ಇರುವವಳು. ಆದ್ದರಿಂದ ನಾನು.

ತಿಂಗಳ ಕೊನೆಗೆ ಮೈಸೂರಿಗೆ ಹಿಂತಿರುಗುತ್ತೇನೆಂದು ಬಂದ ಕೂಡಲೇ ಹೇಳಿದ್ದೇನೆ. ಆಮೇಲೆ ಯಾರ ಕಡೆಯಿಂದ ಯಾರು ಬರಬೇಕೆಂಬುದನ್ನು ಅವರು ಯೋಚಿಸಿಕೊಳ್ಳಲಿ. ಚೀಲದಲ್ಲಿ ಮೂರು ಕಾದಂಬರಿಗಳಿವೆ, ಮೂರೂ ಅನುವಾದ. ಅನುವಾದಗಳನ್ನೇ ಏಕೆ ಓದುತ್ತೀಯೆಂದು ಕೇಳುವವರಿಗೆ ನಾನು ಸರಿಯಾದ ಉತ್ತರ ಕೊಟ್ಟಿಲ್ಲ. ಅವುಗಳಲ್ಲಿ ಯಾರೂ ನನ್ನ ನೆಂಟರಲ್ಲ, ಅದೇ ಕಾರಣವಿರಬೇಕು.

ಮೇ 4, ಭಾನುವಾರ

ಒಂದೂವರೆ ಪುಟ ಓದಿದೆ. ಪೋಲೆಂಡಿನ ಒಂದು ಹಳ್ಳಿ, ಹಿಮ, ಕುದುರೆ. ಕುದುರೆ ಗೇಟು ದಾಟುವಷ್ಟರಲ್ಲಿ ಅಕ್ಕ ನಾಲ್ಕು ಸಲ ಕರೆದಳು. ನಾಲ್ಕನೆಯ ಸಲ ಕರೆದದ್ದು ಗಂಟೆ ಕೇಳಿಸಲು.

"ಕೇಳ್ತಾ ಇದ್ದದಾ ಶೈಲ? ಅಂತೋಣ್ಯಾರ ಗಂಟೆ ಕಣಮ್ಮಿ."

ಹೊಲದಾಚೆ ಸಿಲುವೆದೊಡ್ಡಿ, ಕ್ರೈಸ್ತರ ಊರು. ಅಲ್ಲಿ ಸಂತ ಅಂತೋಣಿಯವರ ಚರ್ಚು. ಕೊರಳಲ್ಲಿ ಲಿಂಗ ಕಟ್ಟಿಕೊಂಡಿರುವ ಅಕ್ಕ ಮೂವತ್ತು ವರ್ಷದಿಂದ ಮಂಗಳವಾರ ತಪ್ಪದೆ ಅಲ್ಲಿಗೆ ಹೋಗುತ್ತಾಳೆ. ಈಗ ಮದುವೆಯಾಗಿ ದೂರದಲ್ಲಿರುವ ಮಗಳು ಸೌಮ್ಯ ಹುಟ್ಟಿದ್ದು ಆ ಹರಕೆಯಿಂದಲಂತೆ. ಭಾವನಿಗೆ ಇದರಲ್ಲಿ ಆಕ್ಷೇಪವಿಲ್ಲ. ಬಸವಣ್ಣನ ಗುಡಿಗೆ ಸೋಮವಾರ, ಅಂತೋಣಿಯವರಿಗೆ ಮಂಗಳವಾರ; ವಾರಗಳು ಬೇರೆ ಬೇರೆ ಇರುವುದರಿಂದ ಜಗಳವಿಲ್ಲ ಎನ್ನುತ್ತಾರೆ.

ಮೇ 5, ಸೋಮವಾರ

ಚರ್ಚಿನ ಫಾದರ್ ಚೌರಪ್ಪ ಅಕ್ಕನನ್ನು ನೋಡಲು ಬಂದರು. ಕೊಳ್ಳೇಗಾಲದ ಕಡೆಯವರು, ನಲವತ್ತರ ಆಸುಪಾಸು, ಬೈಕಿನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಿದರು. ನಾನು ಕಾಫಿ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಅಕ್ಕ ಹೇಳಿಯೇಬಿಟ್ಟಳು.

"ನನ್ ತಂಗಿ ಸ್ವಾಮಿ, ಮೂವತ್ತು ವರ್ಷ ಸರ್ಕಾರದಲ್ಲಿ ಕಟ್ಟಡದ ನಕ್ಷೆ ಬರ್ದವ್ಳೆ. ಸೇತ್ವೆ ಗೀತ್ವೆ ಎಲ್ಲಾನೂವೆ."

ಸೇತುವೆ ಬರೆದಿಲ್ಲ. ಶಾಲೆ, ಆಸ್ಪತ್ರೆ, ಅತಿಥಿಗೃಹ ಬರೆದಿದ್ದೇನೆ.

ಫಾದರ್ ವಿಷಯ ಹೇಳಿದರು. ಊರಿನ ಕೆಲವರಿಗೆ ಹಳೆಯ ಚರ್ಚು ಕೆಡವಿ ಎತ್ತರದ ಗೋಪುರವಿರುವ ಕಾಂಕ್ರೀಟಿನದು ಕಟ್ಟಬೇಕೆಂದಿದೆ. ಕೆಲವರಿಗೆ ಬೇಡ. ಬಿಷಪ್ಪರ ಕಚೇರಿಯವರು ಹೇಳಿರುವುದು ಇಷ್ಟು: ಹಳೆಯದು ಗಟ್ಟಿಯಿದ್ದರೆ ಇಡುವುದೋ ಬಿಡುವುದೋ ನೀವೇ ತೀರ್ಮಾನಿಸಿ, ಇಲ್ಲವಾದರೆ ಹಬ್ಬ ಮುಗಿದ ಮೇಲೆ ಕೆಡವಿ. ಹಬ್ಬ ಜೂನ್ ಹದಿಮೂರಕ್ಕೆ. ಅವರ ಇಂಜಿನಿಯರು ಕೊಯಮತ್ತೂರಿನವರು, ಮೊದಲು ಯಾರಾದರೂ ಅಳತೆ ತೆಗೆದು ನಕ್ಷೆ ಕಳಿಸಲಿ ಎಂದಿದ್ದಾರಂತೆ.

ಒಪ್ಪಿಕೊಂಡೆ. ದಿನಕ್ಕೆ ಎರಡು ತಾಸು ಈ ಮನೆಯಿಂದ ಹೊರಗಿರಬಹುದು.

ಮೇ 7, ಬುಧವಾರ

ಚಿಕ್ಕ ಚರ್ಚು. ಬಾಗಿಲು ಪಡುವಣಕ್ಕೆ, ಪೀಠ ಮೂಡಣಕ್ಕೆ. ಬಾಗಿಲ ಮೇಲಿನ ಕಲ್ಲಿನಲ್ಲಿ 1931 ಎಂದಿದೆ. ಕಟ್ಟಿಸಿದವರು ಒಬ್ಬ ಫ್ರೆಂಚ್ ಪಾದ್ರಿ. ಕಟ್ಟಿದವರು ಗುಡಿ ಕಟ್ಟಿ ಅಭ್ಯಾಸವಿದ್ದ ಒಡ್ಡರು. ಅದು ನೋಡಿದ ಕೂಡಲೇ ತಿಳಿಯುತ್ತದೆ. ಕಿಟಕಿಗಳ ಕಮಾನು ಮೇಲೆ ಚೂಪಾಗಿ ಕೂಡುತ್ತದೆ, ಯುರೋಪಿನ ಚರ್ಚುಗಳಲ್ಲಿರುವಂತೆ. ಆದರೆ ಕಮಾನಿನ ನಡುಗಲ್ಲಿನಲ್ಲಿ ತಾವರೆ. ಬಾಗಿಲ ಎರಡು ಪಕ್ಕ ಎರಡು ದೇವದೂತರು. ರೆಕ್ಕೆಗಳಿವೆ, ಜೊತೆಗೆ ಕಾಲಿಗೆ ಕಡಗ, ಸೊಂಟಕ್ಕೆ ಡಾಬು, ಬಲಗಡೆಯವನಿಗೆ ಮೀಸೆ. ದ್ವಾರಪಾಲಕರನ್ನು ಕೆತ್ತುತ್ತಿದ್ದ ಕೈ ರೆಕ್ಕೆಯನ್ನು ಕೇಳಿ ತಿಳಿದು ಸೇರಿಸಿದೆ, ಉಳಿದದ್ದನ್ನು ಕೇಳಲಿಲ್ಲ. ಪಾದ್ರಿ ಅದನ್ನು ಹಾಗೇ ಬಿಟ್ಟರಲ್ಲ, ಅವರ ಬಗ್ಗೆ ಗೌರವ ಬಂತು. ಒಳ್ಳೆಯ ಅನುವಾದಕನ ಗುಣ ಅದು.

ಮಾಡಿಗೆ ಮಂಗಳೂರು ಹೆಂಚು, ಕೆಳಗೆ ಕರಿಮರದ ತೊಲೆಗಳು. ಒಂದಕ್ಕೂ ಗೆದ್ದಲು ಹಿಡಿದಿಲ್ಲ. ಗೋಡೆ ಕಾಡುಕಲ್ಲು ಮತ್ತು ಗಾರೆಯದು. ಒಳಗೆ ಎದೆಮಟ್ಟದವರೆಗೆ ಸ್ನಾನದ ಮನೆಯ ನೀಲಿ ಟೈಲ್ಸ್ ಅಂಟಿಸಿದ್ದಾರೆ. ಎರಡು ವರ್ಷದ ಹಿಂದೆ ಊರಿನ ಯುವಕರ ಸಂಘದವರು ಮಾಡಿದ್ದಂತೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಬಡಗಣ ಗೋಡೆಯ ಹೊರಮೈಯಲ್ಲಿ ಅಂತೋಣಿಯವರ ಪ್ರತಿಮೆಯಿರುವ ಗೂಡು. ಮಂಗಳವಾರ ಹರಕೆಯವರು ಮೇಣದಬತ್ತಿ ಹಚ್ಚುವುದು ಅಲ್ಲಿ.

ಏಣಿ ಹಿಡಿಯಲು ಉಪದೇಶಿ ರಾಯಪ್ಪನವರು ಬಂದಿದ್ದರು. ಫಾದರ್ ಇಲ್ಲದ ದಿನ ಪ್ರಾರ್ಥನೆ ನಡೆಸುವವರು, ಹೊಸ ಚರ್ಚು ಬೇಕೆನ್ನುವವರ ಮುಂದಾಳು.

"ನೀವು ಎಲ್ಲಿ ಏಣಿ ಮಡಗು ಅಂದ್ರೆ ಅಲ್ಲಿ ಮಡಗ್ತೀನಮ್ಮ. ಆದ್ರೆ ಬೀಳೋ ಅಂತ ಕಡೆ ಮಡಗ್ಸಿ, ಒಳ್ಳೇದಾಯ್ತದೆ," ಎಂದರು.

ಮೇ 9, ಶುಕ್ರವಾರ

ಬಡಗಣ ಗೋಡೆ ಹೊಟ್ಟೆ ಬಿಟ್ಟಿದೆ.

ಗೋಡೆ ನೆಟ್ಟಗಿದೆಯೇ ಎಂದು ದಾರದಲ್ಲಿ ತೂಗುಗುಂಡು ಇಳಿಬಿಟ್ಟೆ. ಮೇಲೆ ಸರಿಯಾಗಿದೆ. ಕೆಳಗೆ ಬರುತ್ತ ಗೋಡೆ ದಾರದ ಕಡೆಗೆ ಉಬ್ಬುತ್ತದೆ, ಎದೆಮಟ್ಟದಲ್ಲಿ ಮೂರು ಬೆರಳಷ್ಟು, ಮತ್ತೆ ನೆಲದ ಹತ್ತಿರ ಒಳಕ್ಕೆ ಹೋಗುತ್ತದೆ. ಗೂಡಿನ ಎರಡೂ ಪಕ್ಕ ಹಾಗೆಯೇ. ಕಲ್ಲುಗೋಡೆಯ ಒಳಗಿನ ಗಾರೆ ಸತ್ತು ಕಲ್ಲು ಹೊರಕ್ಕೆ ಸರಿಯುವಾಗ ಹೀಗಾಗುತ್ತದೆ. ಒಳಗಿನಿಂದ ನೋಡೋಣವೆಂದರೆ ಆ ಎತ್ತರಕ್ಕೆ ಸರಿಯಾಗಿ ಟೈಲ್ಸ್. ಹಿಂದೆ ಏನಿದೆಯೋ ಕಾಣದು.

ಹೆಂಗಸರು ಪೂಜೆಯ ಹೊತ್ತಿನಲ್ಲಿ ಒಳಗೆ ಆ ಗೋಡೆಗೇ ಒರಗಿ ಕೂರುತ್ತಾರೆ.

ಮೇ 12, ಸೋಮವಾರ

ನಕ್ಷೆ ಕೊಟ್ಟೆ. ಕೆಳಗೆ ನಾಲ್ಕು ಸಾಲು ಬರೆದೆ: ಬಡಗಣ ಗೋಡೆ ಉಬ್ಬಿದೆ, ಹತ್ತಿರ ಜನ ಕೂರದಿರುವುದು ಕ್ಷೇಮ. ಫಾದರ್ ಎರಡು ಸಲ ಓದಿ, "ಖಂಡಿತವೇ ಅಮ್ಮ?" ಎಂದರು. ಅಳತೆ ಖಂಡಿತ ಎಂದೆ.

ಕುದುರೆ ಸತ್ತಿತು. ಮೂವತ್ತು ಪುಟ ಓದಿದೆ.

ಮೇ 18, ಭಾನುವಾರ

ಕೊಯಮತ್ತೂರಿನಿಂದ ಉತ್ತರ ಬಂದಿದೆ: ನಕ್ಷೆಯಲ್ಲಿರುವುದು ಹೌದಾದರೆ ಕೆಡವುವುದೇ ಸರಿ. ಬೆಳಿಗ್ಗೆ ಪೂಜೆಯಲ್ಲಿ ಫಾದರ್ ತಿಳಿಸಿದರಂತೆ. ಬಡಗಣ ಗೋಡೆಯ ಉದ್ದಕ್ಕೂ ಹಗ್ಗ ಕಟ್ಟಿ, ಹೆಂಗಸರನ್ನು ಪ್ಲಾಸ್ಟಿಕ್ ಕುರ್ಚಿ ಹಾಕಿ ನಡುವಿಗೆ ಕೂರಿಸಿದರಂತೆ. ಈ ವರ್ಷ ಹಬ್ಬಕ್ಕೆ ಸುಣ್ಣ ಬಳಿಯುವುದಿಲ್ಲ. ಕೆಡವುವ ಗೋಡೆಗೆ ಏಕೆ ಎಂದು.

ಇದನ್ನೆಲ್ಲ ಹೇಳಿದವಳು ನೆರೆಮನೆಯ ರೇವತಿ. ಅವಳು ಹೊಸಿಲು ದಾಟುವುದನ್ನೇ ಅಕ್ಕ ಕಾದಳು. ಆಮೇಲೆ ಹೇಳಿದಳು.

"ತೊಂಬತ್ತು ವರ್ಷ ನಿಂತಿತ್ತು. ನೀ ಬಂದು ಹದ್ನೈದ್ ದಿವ್ಸಕ್ಕೆ ಬೀಳ್ಸ್‌ಬುಟ್ಟೆ."

"ನಾನು ಬೀಳಿಸಲಿಲ್ಲ. ಅಳೆದೆ."

"ಅಳಿ. ಎಲ್ಲಾನೂ ಅಳಿ. ನನ್ ಕಾಲ್ ಮುರ್ದದ್ದ ಅಳಿ, ನಾ ಮಾತಾಡದ ಅಳಿ. ಚಿಕ್ಕೋಳಾಗಿದ್ದಾಗ್ಲೂ ಇಂಗೇಯ, ಯಾರ್ ಮನೇಗ್ ಓದ್ರೂ ಏನ್ ಸರಿಯಿಲ್ಲ ಅಂತ ನೋಡ್ಕಂಡು ಬರೋಳು."

ಉಪ್ಪಿಟ್ಟು ಮಾಡಿ ಕೊಟ್ಟೆ. ತಿಂದಳು. ಉಪ್ಪು ಸರಿಯಾಗಿದೆ ಎಂದೂ ಹೇಳಲಿಲ್ಲ, ಕಮ್ಮಿ ಎಂದೂ ಹೇಳಲಿಲ್ಲ. ಅಕ್ಕ ಮಾತಾಡದಿದ್ದರೆ ಈ ಮನೆ ಬಹಳ ದೊಡ್ಡದು.

ಮೇ 20, ಮಂಗಳವಾರ

ಅಕ್ಕ ಹಟ ಹಿಡಿದಳು: ಉಳಿದಿರುವುದು ನಾಲ್ಕು ಮಂಗಳವಾರ, ಒಂದನ್ನೂ ಬಿಡುವುದಿಲ್ಲ. ಭಾವ ಆಟೋ ಕರೆಸಿದರು. ಆಟೋದವನೂ ಸೇರಿ ಮೂವರು ಹತ್ತಿಸಿದೆವು, ಕಾಲು ನನ್ನ ಮಡಿಲಲ್ಲಿ. ಹಳ್ಳ ಬಂದಾಗಲೆಲ್ಲ ಅವಳು ಆಟೋದವನನ್ನು ಬೈಯುವ ಬದಲು ನನ್ನನ್ನು ಬೈದಳು. ಎರಡು ದಿನ ಮಾತಾಡದವಳು ಈಗ ಬೈಯುತ್ತಿದ್ದಾಳೆಂದು ಸುಮ್ಮನೆ ಕೇಳಿಸಿಕೊಂಡೆ.

ಗೂಡಿನ ಮುಂದೆ ಸವರಿಯಮ್ಮನವರಿದ್ದರು. ಎಂಬತ್ತು ದಾಟಿದ ಮುದುಕಿ, ಹಲ್ಲಿಗಿಂತ ಮಾತು ಹೆಚ್ಚು. ಅಕ್ಕ ಮತ್ತು ಅವರು ಇಷ್ಟು ವರ್ಷ ಗೋಡೆಗೆ ಒರಗಿ ಒಟ್ಟಿಗೆ ಕೂತವರು.

"ಇವ್ಳೇನಾ ಸಕುಂತಲಿ, ನಮ್ ಗೋಡೆಗೆ ಹೊಟ್ಟೆ ಬರ್ಸಿದೋಳು?" ಎಂದು ಅಕ್ಕನನ್ನು ಕೇಳಿದರು.

"ಇವ್ಳೇ ಕಣಕ್ಕಾ."

"ಎಷ್ಟ್ ತಿಂಗ್ಳಂತೆ?"

ಇಬ್ಬರೂ ನಕ್ಕರು. ನಾನು ಗೂಡಿನ ಕಡೆಗೆ ನೋಡುತ್ತ ನಿಂತೆ. ಸವರಿಯಮ್ಮ ಬಂದು ನನ್ನ ಪಕ್ಕದಲ್ಲೇ ಗೋಡೆಯ ಸಂದಿಗೆ ಒಂದು ಮೊಳೆ ತೂರಿಸಿ ಮೀಟಿದರು. ಸುಣ್ಣದ ಒಂದು ಚಕ್ಕೆ ಕಳಚಿ ಕೈಗೆ ಬಂತು.

"ಎಲೆ ಅಡ್ಕೆಗೆ ಕಣವ್ವ. ಅಂಗ್ಡಿ ಸುಣ್ಣ ನಾಲ್ಗೆ ಸುಡ್ತದೆ. ಅಂತೋಣ್ಯಾರ್‌ದು ಸುಡಕಿಲ್ಲ. ಎಂಗಿದ್ರೂ ಕೆಡುವ್ತೀರಲ್ಲ, ವಸಿ ದೊಡ್ಡದೇ ತಕ್ಕೊಂಡೆ."

ಅಷ್ಟು ಹಳೆಯ ಸುಣ್ಣದಲ್ಲಿ ಸುಡುವ ಗುಣ ಉಳಿದಿರುವುದಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದವಳು ಚಕ್ಕೆಯ ಅಂಚಿನ ಕಡೆ ಬಗ್ಗಿದೆ. ಅಕ್ಕಿರೊಟ್ಟಿಗಿಂತ ದಪ್ಪ. ಅಂಚಿನಲ್ಲಿ ಕೂದಲೆಳೆಯಂಥ ಪದರಗಳು, ಬಿಳಿ, ನೀಲಿ, ಬಿಳಿ, ಬಿಳಿ, ಒಂದು ಹಳದಿ. ಕಳಚಿ ಬಂದ ಜಾಗದಲ್ಲಿ ಕಲ್ಲು ಕಾಣಲಿಲ್ಲ. ಇನ್ನೂ ಸುಣ್ಣವೇ ಇತ್ತು.

"ಸುಣ್ಣ ಬಳಿಯುವ ಮೊದಲು ಹಳೆಯದನ್ನು ಕೆರೆಯುವುದಿಲ್ಲವೇ?" ಎಂದು ಕೇಳಿದೆ.

ಸವರಿಯಮ್ಮ ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಅರ್ಕೆ ಸುಣ್ಣವ ಕೆರ್ದಾರ? ನಿಮ್ಮವ್ವ ಕೊಟ್ಟ ಮಾತ ನೀ ಕೆರ್ದು ಬಿಸಾಕೀಯಾ?"

ಅಕ್ಕ ಕೂತಲ್ಲಿಂದಲೇ ಎಲ್ಲ ಹೇಳಿದಳು. ಹಬ್ಬಕ್ಕೆ ಮೊದಲು ಚರ್ಚಿಗೆಲ್ಲ ಸುಣ್ಣವಾಗುತ್ತದೆ. ಅದಲ್ಲದೆ ಹರಕೆ ಫಲಿಸಿದವರು ಯಾವ ಮಂಗಳವಾರವಾದರೂ ಬಂದು ಗೂಡಿನ ಗೋಡೆಗೆ, ಅದೊಂದಕ್ಕೇ, ಒಂದು ಕೋಟು ಬಳಿಯುತ್ತಾರೆ. ಮನೆಗೊಂದು ಪಾಲು ಗೋಡೆ. ಏಣಿ ಹಾಕುವಂತಿಲ್ಲ, ನಿಂತಲ್ಲಿಂದ ಕೈಗೆ ಎಟಕುವಷ್ಟು. ಕೆಳಗಡೆಯದು ಮಳೆಯ ಎರಚಲಿಗೆ ಪ್ರತಿ ವರ್ಷ ಉದುರುತ್ತದೆ.

ಮೇಲೆ ಎಟಕುವುದಿಲ್ಲ. ಕೆಳಗೆ ಉಳಿಯುವುದಿಲ್ಲ. ನಡುವೆ, ಎದೆಮಟ್ಟದಲ್ಲಿ, ತೊಂಬತ್ತು ವರ್ಷದ ಸುಣ್ಣ.

ಮೇ 21, ಬುಧವಾರ

ಬೆಳಿಗ್ಗೆಯೇ ಫಾದರ್ ಬಳಿ ಹೋದೆ. ಮೇಲಿನಿಂದ ನೆಲದವರೆಗೆ ಗೇಣಗಲ ಸುಣ್ಣ ಕೆರೆದು ಕಲ್ಲನ್ನೇ ಅಳೆಯಬೇಕು ಎಂದೆ. ಅವರು ಗಲ್ಲ ಸವರಿಕೊಂಡರು. "ಯಾರ ಪಾಲನ್ನು ಕೆರೆಯುತ್ತೀರಮ್ಮ? ಯಾರು ಒಪ್ಪುತ್ತಾರೆ?"

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ದಿಂಬಿನ ನೂಲು ಕಿತ್ತಳು. ಅವಳ ಪಾಲಿನಲ್ಲಿ ಸೌಮ್ಯ ಹುಟ್ಟಿದ ವರ್ಷದ ಕೋಟು ಇದೆ. ಅದರ ಹಿಂದೆ ಇಬ್ಬರು ಮಕ್ಕಳು ತೀರಿಹೋದ ವರ್ಷಗಳ ಕೋಟುಗಳೂ ಇವೆಯಂತೆ. ಫಲಿಸದಿದ್ದರೂ ಬಳಿದಳಂತೆ. ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

"ನಂದೇ ಕೆರಿ," ಎಂದಳು. "ಅಂತೋಣ್ಯಾರಿಗೆ ನಾನ್ ಏಳ್ಕತೀನಿ. ಪುಡಿ ನೆಲಕ್ಕೆ ಬೀಳಿಸ್‌ಬ್ಯಾಡ ಅಷ್ಟೆ. ಬಟ್ಟೆ ಹಾಸ್ಕೊ."

ಅವಳ ಹಳೆಯ ಸೀರೆಯನ್ನೇ ಹಾಸಿದೆ. ರಾಯಪ್ಪನವರು ಏಣಿಯ ಮೇಲೆ ದಾರ ಹಿಡಿದರು. ಉಳಿಯಿಂದ ಮೆಲ್ಲಗೆ ಬಿಡಿಸುತ್ತ ಹೋದೆ. ಸುದ್ದಿ ತಿಳಿದು ಏಳೆಂಟು ಹೆಂಗಸರು ಬಂದು ನಿಂತರು. ಸವರಿಯಮ್ಮ ಪದರಗಳನ್ನು ನೋಡುತ್ತ, ಹಳದಿ ಬಂದಾಗ, "ಬಿಷಪ್ಪು ಬಂದ ವರ್ಷ. ನೀಲಿ ಜಾಸ್ತಿಯಾಗಿ ಕೆಡ್ತು ಅಂತ ಯಾರೋ ಹಳ್ದಿ ಮಣ್ಣ ಸುರ್ದ್‌ಬುಟ್ರು," ಎಂದರು. ಹಸಿರಾಯಿತೇ ಹೊರತು ಹಳದಿಯಾಗಲಿಲ್ಲ ಎಂದು ಇನ್ನೊಬ್ಬರು. ಅದರ ಮೇಲೆ ಜಗಳವಾಯಿತು. ಮೊದಲಾಗಿದ್ದರೆ ಎದ್ದು ದೂರ ಹೋಗುತ್ತಿದ್ದೆ. ಪದರದಲ್ಲಿ ಹಳದಿಯ ಅಂಚು ಹಸಿರಾಗಿಯೇ ಇತ್ತು, ಅದನ್ನು ತೋರಿಸಿದೆ. ಗೆದ್ದವರು ನನ್ನ ಬೆನ್ನು ತಟ್ಟಿದರು.

ಹೊತ್ತು ನೆತ್ತಿಗೆ ಬರುವಾಗ ಕಲ್ಲು ಸಿಕ್ಕಿತು. ಕಪ್ಪು ಕಲ್ಲು, ಗಾರೆ ಉಗುರಿಗೂ ಬಗ್ಗದಷ್ಟು ಗಟ್ಟಿ. "ದಾರ ವಸಿ ಬಿಗಿಯಾಗಿ ಹಿಡ್ಕಳಿ ರಾಯಪ್ಪನೋರೆ," ಎಂದು ಮೇಲಿಂದ ಕೆಳಗೆ ಅಳೆದೆ. ಎಲ್ಲಿ ಅಳೆದರೂ ದಾರಕ್ಕೂ ಕಲ್ಲಿಗೂ ಒಂದೇ ಅಂತರ. ಗೂಡಿನ ಆ ಪಕ್ಕದಲ್ಲಿ ಸವರಿಯಮ್ಮ ತಮ್ಮ ಪಾಲನ್ನೂ ಬಿಟ್ಟುಕೊಟ್ಟರು. ಅಲ್ಲಿಯೂ ಹಾಗೆಯೇ.

ಗೋಡೆಗೆ ಏನೂ ಆಗಿಲ್ಲ. ಸಂತೋಷವಾಯಿತು. ಆಮೇಲೆ ಹನ್ನೆರಡನೆಯ ತಾರೀಖು ನಾನು ಬರೆದುಕೊಟ್ಟ ನಾಲ್ಕು ಸಾಲು ನೆನಪಾಯಿತು.

ಪುಡಿಯನ್ನು ಸೀರೆಯಲ್ಲಿ ಗಂಟು ಕಟ್ಟಿ ಅಕ್ಕನಿಗೆ ತಂದುಕೊಟ್ಟೆ. ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ.

ಮೇ 25, ಭಾನುವಾರ

ಫೋಟೋ, ಹೊಸ ಅಳತೆ ಎಲ್ಲ ಕೊಯಮತ್ತೂರಿಗೆ ಹೋಗಿದ್ದವು. ಇಂಜಿನಿಯರು ಶುಕ್ರವಾರ ತಾವೇ ಬಂದು ತಟ್ಟಿ ನೋಡಿ, ಗೋಡೆ ಗಟ್ಟಿಯಾಗಿದೆ, ಇನ್ನು ಇಡುವುದು ಕೆಡವುವುದು ಊರಿನವರಿಗೆ ಬಿಟ್ಟದ್ದು ಎಂದು ಹೇಳಿಹೋದರು. ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಕೈಯೆತ್ತಿಸಿ ಕೇಳುತ್ತಾರೆ.

ಇವತ್ತು ಪೂಜೆಯಲ್ಲಿ ಫಾದರ್ ನನ್ನನ್ನು ಮುಂದೆ ಕರೆದರು. ಅಷ್ಟು ಜನರ ಎದುರು ನಾನು ಯಾವತ್ತೂ ಮಾತಾಡಿಲ್ಲ. "ನಾನು ಅಳೆದದ್ದು ಸುಣ್ಣವನ್ನು. ಗೋಡೆ ಎಂದು ತಿಳಿದೆ. ತಪ್ಪು ನನ್ನದು. ಗೋಡೆ ನೆಟ್ಟಗಿದೆ, ಇದು ಖಂಡಿತ," ಎಂದೆ.

ರಾಯಪ್ಪನವರು ಎದ್ದು ನಿಂತರು. ಸಿಟ್ಟಿಲ್ಲದೆ, ನಗುತ್ತಲೇ ಕೇಳಿದರು: "ಅಲ್ಲಮ್ಮ, ಅವತ್ತೂ ಅಳತೆ ಖಂಡಿತ ಅಂದ್ರಿ. ಇವತ್ತೂ ಖಂಡಿತ ಅಂತೀರಿ. ನಾವು ಯಾವ ಖಂಡಿತವ ನಂಬದು? ಹೆಂಗಸ್ರು ಮಕ್ಕಳು ಕೂರೋ ಜಾಗ."

ನ್ಯಾಯವಾದ ಪ್ರಶ್ನೆ. ಫಾದರ್ ಹಗ್ಗ ಬಿಚ್ಚಿಸಿದರು. ಆದರೂ ಹೆಂಗಸರು ಯಾರೂ ಕುರ್ಚಿ ಬಿಟ್ಟು ಗೋಡೆಯ ಹತ್ತಿರ ಹೋಗಲಿಲ್ಲ. ಸವರಿಯಮ್ಮನವರ ಸೊಸೆ ಅವರ ತೋಳು ಹಿಡಿದೇ ಇದ್ದಳು.

ಅಕ್ಕನಿಗೆ ಎಲ್ಲ ಹೇಳಿದೆ. ರಾಯಪ್ಪನವರ ಮಾತನ್ನೂ ಅವರ ದನಿಯಲ್ಲೇ ಹೇಳಿದೆನಂತೆ, ನಕ್ಕಳು. ಆಮೇಲೆ, "ಕೈ ಎತ್ತಾರ ಅಮ್ಮಿ?" ಎಂದು ಕೇಳಿದಳು. ಕೂರುವುದಕ್ಕೇ ಹೆದರುವವರು ಇಟ್ಟುಕೊಳ್ಳೋಣವೆಂದು ಹೇಗೆ ಕೈ ಎತ್ತುತ್ತಾರೆ ಎಂದೆ.

ಮೇ 28, ಬುಧವಾರ

ಅಕ್ಕನಿಗೆ ವಾಕರ್ ಬಂತು. ಮಂಚದಿಂದ ಅಡುಗೆಮನೆಯ ಬಾಗಿಲವರೆಗೆ ಬಂದು, ನಾನು ಸಾಸಿವೆ ಡಬ್ಬಿ ಇಟ್ಟಿರುವ ಜಾಗ ಸರಿಯಿಲ್ಲ ಎಂದಳು. ಅದು ಅಲ್ಲೇ ಇರಲಿ, ನೀನು ಕಾಲೂರುವವರೆಗೆ ನಾನೇ ಇರುತ್ತೇನೆ, ನನ್ನ ಕೈಗೆ ಸಿಗುತ್ತದೆ ಎಂದೆ.

ಜೂನ್ 1, ಭಾನುವಾರ

ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಬೇಗನೆ ಹೋದೆವು. ಭಾವನೂ ಬಂದರು, ಒಳಗೆ ಬರದೆ, ಬಾಗಿಲಲ್ಲಿ ಮೀಸೆಯ ದೇವದೂತನ ಪಕ್ಕದಲ್ಲಿ ನಿಂತರು. ಅಕ್ಕನಿಗೆ ನೆಲದ ಮೇಲೆ ಕೂರಲಾಗದು, ಅವಳನ್ನು ಕುರ್ಚಿಯ ಮೇಲೆ ಕೂರಿಸಿದೆ. ಪಕ್ಕದ ಕುರ್ಚಿ ಖಾಲಿಯಿತ್ತು, ನನಗಾಗಿ.

ಪೂಜೆ ಶುರುವಾಯಿತು. ಬಡಗಣ ಗೋಡೆಯ ಉದ್ದಕ್ಕೂ ನೆಲ ಬರಿದಾಗಿತ್ತು. ಎಲ್ಲರೂ ಹಾಡಲು ಎದ್ದು ನಿಂತರು. ಮತ್ತೆ ಕೂರುವಾಗ ನಾನು ಕುರ್ಚಿಗೆ ಹೋಗಲಿಲ್ಲ. ಗೋಡೆಯ ಹತ್ತಿರ ನಡೆದು, ಗೂಡು ಇರುವ ಜಾಗಕ್ಕೆ ಸರಿಯಾಗಿ, ಬೆನ್ನು ಪೂರ್ತಿ ಒರಗಿಸಿ ಕಾಲು ಮಡಿಸಿ ಕೂತೆ. ಟೈಲ್ಸ್ ತಣ್ಣಗಿತ್ತು. ಎಲ್ಲರೂ ನೋಡುತ್ತಿದ್ದರು, ಎಲ್ಲಿ ನೋಡಬೇಕೆಂದು ತಿಳಿಯದೆ ತೊಲೆಗಳನ್ನು ನೋಡಿದೆ. ಫಾದರ್ ಓದುವುದನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಮುಂದುವರಿಸಿದರು.

ಎಷ್ಟೋ ಹೊತ್ತು ನಾನೊಬ್ಬಳೇ. ಆಮೇಲೆ ಕುರ್ಚಿ ಸರಿದ ಸದ್ದಾಯಿತು.

"ಬುಡಮ್ಮಿ ಕೈಯ," ಎಂದು ಸೊಸೆಗೆ ಹೇಳಿ ಸವರಿಯಮ್ಮ ಬಂದರು. "ಸರ್ಕೊ. ನೀ ಕುಂತಿರದು ನನ್ ಜಾಗ."

ಸರಿದೆ. ಅವರು ಉಸ್ಸೆಂದು ಕೂತರು. ಅವರ ಹಿಂದೆ ಹಸಿರು-ಹಳದಿಯ ಜಗಳದಲ್ಲಿ ಗೆದ್ದವರು ಬಂದರು, ಸೋತವರೂ ಬಂದರು. ರೇವತಿ ಮಗುವನ್ನು ಎತ್ತಿಕೊಂಡು ಬಂದಳು. ಪ್ರಸಂಗ ಮುಗಿಯುವಷ್ಟರಲ್ಲಿ ನನಗೆ ಎರಡು ಕಡೆಯಿಂದಲೂ ಮೊಣಕೈ ತಗಲುತ್ತಿತ್ತು. ರಾಯಪ್ಪನವರು ಖಾಲಿಯಾದ ಕುರ್ಚಿಗಳನ್ನು ನೋಡಿದರು, ಗೋಡೆಯನ್ನು ನೋಡಿದರು. ಎದ್ದು, ಸದ್ದಾಗದಂತೆ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಮೂಲೆಗಿಟ್ಟರು.

ಕೊನೆಯಲ್ಲಿ ಫಾದರ್, ಹಳೆಯ ಚರ್ಚನ್ನೇ ಇಟ್ಟುಕೊಳ್ಳೋಣ ಎನ್ನುವವರು ಕೈ ಎತ್ತಿ ಎಂದರು. ನಾನು ಊರಿನವಳಲ್ಲ, ಚರ್ಚಿನವಳೂ ಅಲ್ಲ. ಕೈ ಮಡಿಲಲ್ಲೇ ಇಟ್ಟುಕೊಂಡೆ. ಗೋಡೆಯ ಉದ್ದಕ್ಕೂ ಕೈಗಳು ಎದ್ದವು, ಗಂಡಸರ ಕಡೆಯೂ ಎದ್ದವು. ಸವರಿಯಮ್ಮನವರದು ಏಳಲಿಲ್ಲ. ಅವರು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದರು.

ಮೆಲ್ಲಗೆ ಅಲ್ಲಾಡಿಸಿದೆ. "ಕೈ ಎತ್ತಿ ಅಮ್ಮ."

"ಯಾಕವ್ವ?"

"ಗೋಡೆ ಇರ್ಲಿ ಅನ್ನಕ್ಕೆ."

ಎರಡೂ ಕೈ ಎತ್ತಿದರು. ಫಾದರ್ ಒಂದನ್ನೇ ಎಣಿಸಿದರು.